ಐದು ಲೀಟರ್ ಅಂದರೆ ಎಷ್ಟು?

ಹಳೆಯ ಗ್ರೈಂಡರ್ ನಿಂತ ಎಂಟನೇ ದಿನಕ್ಕೆ ಹೊಸದು ಮನೆಗೆ ಬಂತು. ರೂಪೇಶ ಮದರಾಸಿನ ಪೆರುಂಗುಡಿಯ ಆಫೀಸಿನಿಂದ ಕೀಲ್ಪಾಕಿನವರೆಗೂ ಆಟೋದಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದ. ಎರಡು ಮಹಡಿ ಹತ್ತಿ, ಊಟದ ಮೇಜಿನ ಮೇಲೆ ಪೆಟ್ಟಿಗೆ ಇಳಿಸಿ, ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ.

"ಅಮ್ಮ, ಬಾ ಇಲ್ಲಿ. ನೋಡು ಎಂತ ತಂದಿದ್ದೇನೆ!"

ವಿಮಲಾ ಹೆಚ್ಚುತ್ತಿದ್ದ ಬೀನ್ಸನ್ನು ಬಿಟ್ಟು ಎದ್ದು ಬಂದಳು. ಕೆಂಪು ಪೆಟ್ಟಿಗೆ. ಅದರ ಮೇಲೆ ಹಲ್ಲು ಕಾಣುವಂತೆ ನಗುವ ಒಬ್ಬ ಹೆಂಗಸು, ಅವಳ ಕೈಯಲ್ಲಿ ಬೆಳ್ಳಗಿನ ಇಡ್ಲಿಗಳ ತಟ್ಟೆ, ಮೇಲೆ ದಪ್ಪ ಅಕ್ಷರದ ಇಂಗ್ಲಿಷ್ ಸಾಲು. ಕಾಲೇಜಿಗೆ ಹೋಗುವ ಮಗಳು ಹರ್ಷಿಣಿ ಅದನ್ನು ಅಮ್ಮನಿಗೆ ಅರ್ಥ ಮಾಡಿ ಹೇಳಿದಳು. ಹೋಟೆಲಿನ ಬಲ, ಇನ್ನು ನಿಮ್ಮ ಮನೆಯಲ್ಲಿ. ಐದು ಲೀಟರ್.

"ಐದು ಲೀಟರ್ ಎಂತದು?" ವಿಮಲಾ ಕೇಳಿದಳು. "ಅಕ್ಕಿಯಾ, ನೀರಾ, ರುಬ್ಬಿದ ಹಿಟ್ಟಾ?"

"ಐದು ಲೀಟರ್ ಅಂದರೆ ಐದು ಲೀಟರ್ ಅಮ್ಮ."

"ಒಂದು ಸಲಕ್ಕೆ ಎಷ್ಟು ಅಕ್ಕಿ ಹಾಕಬಹುದು ಅಂತ ಬರೆದಿರಬೇಕಲ್ಲ? ಎಷ್ಟು ಹೊತ್ತು ಓಡಿಸಬಹುದು ಅಂತ?"

ಪೆಟ್ಟಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಹೆಂಗಸು ನಾಲ್ಕು ಕಡೆಯಿಂದಲೂ ನಗುತ್ತಿದ್ದಳು. ಅಕ್ಕಿಯ ಸುದ್ದಿ ಎಲ್ಲಿಯೂ ಇರಲಿಲ್ಲ.

"ಅದನ್ನೆಲ್ಲ ಯಾರು ಓದ್ತಾರೆ?" ಎಂದ ರೂಪೇಶ. "ಹಾಕು, ರುಬ್ಬು, ಅಷ್ಟೇ."

ವಿಮಲಾಳ ಗಂಡ ಕಮಲಾಕರ ಹತ್ತೊಂಬತ್ತನೇ ವಯಸ್ಸಿಗೆ ಉಡುಪಿಯ ಕಡೆಯಿಂದ ಮದರಾಸಿಗೆ ಬಂದವನು. ಕೀಲ್ಪಾಕಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಈಗ ಅಲ್ಲಿನ ದೊಡ್ಡ ಅಡುಗೆಯವನು. ಕೊರೊನಾ ಕಾಲದಲ್ಲಿ ಹೋಟೆಲು ಬಾಗಿಲು ಹಾಕಿದಾಗ ಮನೆ ನಡೆಸಿದವಳು ವಿಮಲಾ. ಅಕ್ಕಪಕ್ಕದ ಮನೆಗಳಿಗೆ ಇಡ್ಲಿ ಹಿಟ್ಟು ರುಬ್ಬಿ ಕೊಡತೊಡಗಿದಳು. ಹೋಟೆಲು ಮತ್ತೆ ತೆರೆಯಿತು, ಅವಳ ಹಿಟ್ಟು ನಿಲ್ಲಲಿಲ್ಲ. ಹಿಟ್ಟಿಗೆ ತಮಿಳರು ಮಾವು ಎನ್ನುತ್ತಾರೆ. 'ಉಡುಪಿ ಮಾಮಿ ಮಾವು' ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತಾರು ಮನೆಗಳು ಡಬ್ಬಿ ಕಳಿಸುತ್ತಿದ್ದವು. ಅದರಲ್ಲಿ ಮೆಡಿಕಲ್ ಕಾಲೇಜಿನ ಹುಡುಗಿಯರ ಮೂರು ರೂಮುಗಳೂ ಇದ್ದವು.

ಶನಿವಾರ ಮಧ್ಯಾಹ್ನ ಅವಳು ಹೊಸ ಗ್ರೈಂಡರಿಗೆ ಕುಂಕುಮ ಹಚ್ಚಿ, ಮೊದಲು ಮುಕ್ಕಾಲು ಕಿಲೋ ಉದ್ದು ಹಾಕಿದಳು. ಅದು ಹೇಗೋ ಏದುಸಿರು ಬಿಡುತ್ತಾ ಮುಗಿಸಿತು. ಆಮೇಲೆ ಎರಡು ಕಿಲೋ ಅಕ್ಕಿ. ಐದು ಲೀಟರ್ ಅಂದಮೇಲೆ ಎರಡು ಕಿಲೋ ಹಿಡಿಯದೆ ಇರುತ್ತದೆಯೇ? ಹದಿನೆಂಟನೇ ನಿಮಿಷಕ್ಕೆ ಕಲ್ಲು ತೂಕಡಿಸಿತು. ರಬ್ಬರು ಸುಟ್ಟಂತಹ ವಾಸನೆ ಬಂತು. ಗ್ರೈಂಡರ್ ನಿಂತೇ ಬಿಟ್ಟಿತು. ವಿಮಲಾ ಹಿಟ್ಟಿಗೆ ಕೈ ಹಾಕಿದಳು. ಕೂಸಿಗೆ ಮೀಯಿಸುವ ನೀರಿನಷ್ಟು ಬೆಚ್ಚಗಿತ್ತು. ಅವಳಿಗೆ ಅಲ್ಲೇ ಗೊತ್ತಾಯಿತು, ನಾಳೆಯ ಕಥೆ ಏನೆಂದು. ಉಳಿದ ಅಕ್ಕಿಯನ್ನು ಮಿಕ್ಸಿಯಲ್ಲಿ ತಿರುಗಿಸಿ, ಎಲ್ಲವನ್ನೂ ಕೂಡಿಸಿ, ದೇವರ ಹೆಸರು ಹೇಳಿ ಡಬ್ಬಿಗಳಿಗೆ ತುಂಬಿದಳು.

ಭಾನುವಾರ ಬೆಳಿಗ್ಗೆ ಎದುರು ಬ್ಲಾಕಿನ ಶ್ರೀಪ್ರಿಯಾ ಡಬ್ಬಿಯನ್ನು ವಾಪಸು ತಂದಳು. "ಮಾಮಿ, ತಪ್ಪಾ ನಿನೈಕ್ಕಾದೀಂಗ," ತಪ್ಪು ತಿಳಿಯಬೇಡಿ ಎಂದು ಶುರುಮಾಡಿ, ಹಿಟ್ಟು ಹುಳಿ ಬಂದಿದೆ, ಮಾವನವರು ಒಂದು ಇಡ್ಲಿ ತಿಂದು ಎದ್ದುಬಿಟ್ಟರು ಎಂದಳು. ವಿಮಲಾ ಡಬ್ಬಿ ತೆಗೆದುಕೊಂಡಳು. ಐದು ವರ್ಷದಲ್ಲಿ ಹಿಟ್ಟು ತುಂಬಿದ ಡಬ್ಬಿ ವಾಪಸು ಬಂದದ್ದು ಅದೇ ಮೊದಲು. ಹತ್ತು ಗಂಟೆಯೊಳಗೆ ಇನ್ನೂ ಮೂರು ಬಂದವು.

ಅವತ್ತು ಮಧ್ಯಾಹ್ನ ಊಟಕ್ಕೆ ನಾಲ್ವರೂ ಮನೆಯಲ್ಲಿದ್ದರು. ಹುಳಿ, ಬೀನ್ಸ್ ಪಲ್ಯ, ಹಪ್ಪಳ. ಯಾರಿಗೂ ಹಪ್ಪಳ ಮುರಿಯುವ ಮನಸ್ಸಿಲ್ಲ.

"ನೀನು ಜಾಸ್ತಿ ಹಾಕಿದ್ದೀಯ ಅಮ್ಮ," ರೂಪೇಶ ಎಂದ. "ಅದು ಮನೆ ಗ್ರೈಂಡರು. ಓವರ್‌ಲೋಡ್ ಮಾಡಿದರೆ ಇನ್ನೇನಾಗ್ತದೆ?"

"ಜಾಸ್ತಿ ಅಂದರೆ ಎಷ್ಟು? ಕಡಿಮೆ ಅಂದರೆ ಎಷ್ಟು? ಎಲ್ಲಿ ಬರೆದುಂಟು ತೋರಿಸು."

"ಎಲ್ಲವನ್ನೂ ಬರೆಯಲಿಕ್ಕೆ ಆಗ್ತದಾ?"

"ಹೋಟೆಲಿನ ಬಲ ಅಂತ ಬರೆಯಲಿಕ್ಕೆ ಜಾಗ ಉಂಟು, ಎಷ್ಟು ಅಕ್ಕಿ ಅಂತ ಬರೆಯಲಿಕ್ಕೆ ಜಾಗ ಇಲ್ಲವಾ?" ಕಮಲಾಕರ ಅನ್ನಕ್ಕೆ ಮಜ್ಜಿಗೆ ಕಲಸುತ್ತಾ ಹೇಳಿದ. "ನಾನು ನಲವತ್ತು ವರ್ಷದಿಂದ ಹೋಟೆಲಿನಲ್ಲಿದ್ದೇನೆ. ಹೋಟೆಲಿನ ಬಲ ಹದಿನೆಂಟು ನಿಮಿಷಕ್ಕೆ ಮಲಗುವುದನ್ನು ನೋಡಿಲ್ಲಪ್ಪ. ಯಾವ ಪುಣ್ಯಾತ್ಮ ಬರೆದನೋ ಅದನ್ನು."

ರೂಪೇಶ ತಟ್ಟೆ ನೋಡುತ್ತಾ ಕೂತ. ಹರ್ಷಿಣಿಗೆ ತಡೆಯಲಾಗಲಿಲ್ಲ. ಮನೆಯವರು ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವುದು ಅವಳ ರೂಢಿ. "ಅಣ್ಣಾ ತಾನೇ ಎಳುದಿನಾನ್!" ಎಂದುಬಿಟ್ಟಳು.

ಅಣ್ಣನೇ ಬರೆದದ್ದು. ಮಗ ಆಫೀಸಿನಲ್ಲಿ ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಾನೆಂದು ಮಾತ್ರ ವಿಮಲಾಳಿಗೆ ಗೊತ್ತಿತ್ತು. ಅವನ ಕಂಪನಿ ಆನ್‌ಲೈನಿನಲ್ಲಿ ಮಾರುವ ಮಿಕ್ಸಿ, ಗ್ರೈಂಡರ್, ಗೀಸರುಗಳಿಗೆಲ್ಲ ಆ ಸಾಲುಗಳನ್ನು ಕಟ್ಟುವವನು ಇವನೇ ಎಂದು ಅವತ್ತು ತಿಳಿಯಿತು.

"ನೀನು ಈ ಗ್ರೈಂಡರಿನಲ್ಲಿ ಒಂದು ಹಿಡಿ ಅಕ್ಕಿ ರುಬ್ಬಿ ನೋಡಿದ್ದೀಯಾ?" ಅವಳು ಕೇಳಿದಳು.

"ನನ್ನ ಕೆಲಸ ರುಬ್ಬುವುದಲ್ಲ ಅಮ್ಮ, ಬರೆಯುವುದು. ಅವರು ಫೋಟೋ ಕಳಿಸ್ತಾರೆ, ನಾನು ಬರೀತೇನೆ. ಎಲ್ಲ ಕಂಪನಿಯೂ ಹಾಗೇ ಮಾಡೋದು."

"ಹಾಗಾದರೆ ವಾಪಸು ಕೊಡು."

"ಸ್ಟಾಫ್ ರೇಟಿಗೆ ತಂದದ್ದು. ವಾಪಸು ಇಲ್ಲ." ಅವನು ಅರ್ಧ ಊಟದಲ್ಲೇ ಎದ್ದು ಕೈ ತೊಳೆದ.

ಸೋಮವಾರ ವಿಮಲಾ ಪೆಟ್ಟಿಗೆಯ ಮೇಲಿದ್ದ ನಂಬರಿಗೆ ಫೋನು ಮಾಡಿದಳು. ಒಂದು ಹುಡುಗಿ ಇನಿದನಿಯಲ್ಲಿ ತಮಿಳು ಮಾತಾಡಿತು. ಶಿಫಾರಸು ಮಾಡಿದ ಪ್ರಮಾಣಕ್ಕಿಂತ ಹೆಚ್ಚು ಹಾಕಬೇಡಿ ಮೇಡಂ ಎಂದಿತು. ಆ ಪ್ರಮಾಣ ಎಷ್ಟಮ್ಮ ಎಂದರೆ, ಕೈಪಿಡಿಯಲ್ಲಿದೆ ಎಂದಿತು. ಕೈಪಿಡಿಯಲ್ಲಿ 'ಗ್ರೈಂಡರಿನ ಸಾಮರ್ಥ್ಯಕ್ಕೆ ತಕ್ಕಂತೆ ಹಾಕಿ' ಎಂದಿದೆ, ಸಾಮರ್ಥ್ಯ ಎಷ್ಟು ಎಂದರೆ, ಐದು ಲೀಟರ್ ಮೇಡಂ ಎಂದಿತು. ವಿಮಲಾ ಮೂರು ದಿನ ಮೂರು ಸಲ ಮಾಡಿದಳು. ಮೂರು ಬೇರೆ ಹುಡುಗಿಯರು, ಉತ್ತರ ಮಾತ್ರ ಅದೇ.

ಆ ವಾರ ಒಂಬತ್ತು ಮನೆಗಳು ಪ್ಯಾಕೆಟ್ ಹಿಟ್ಟಿಗೆ ತಿರುಗಿದವು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಡಬ್ಬಿ ಬರುವುದು ನಿಂತಿತು, ಅಷ್ಟೇ. ಮೆಟ್ಟಿಲಲ್ಲಿ ಎದುರಾದವರು ಮಾಮಿಯ ಮುಖ ನೋಡದೆ ಫೋನು ನೋಡುತ್ತಾ ಇಳಿದರು. ವಿಮಲಾಳಿಗೆ ಹಣಕ್ಕಿಂತ ಅದು ಚುಚ್ಚಿತು.

"ಬಿಡು ಮಾರಾಯ್ತಿ, ಬೇರೆ ಗ್ರೈಂಡರು ನೋಡುವ," ಎಂದ ಕಮಲಾಕರ.

"ಬೇರೆಯದರ ಮೇಲೆ ಬೇರೆ ಹೆಂಗಸು ನಗ್ತಾ ಇರ್ತಾಳೆ, ಅಷ್ಟೇ ವ್ಯತ್ಯಾಸ. ಇವರು ಹೇಳದಿದ್ದರೆ ಬೇಡ. ಇದರ ಯೋಗ್ಯತೆ ಎಷ್ಟು ಅಂತ ನಾನೇ ಕಂಡುಹಿಡೀತೇನೆ. ನಿಮ್ಮ ಹೋಟೆಲಿನಲ್ಲಿ ಹಾಲಿನ ಬಿಸಿ ನೋಡುವ ಕಡ್ಡಿ ಉಂಟಲ್ಲ, ಅದನ್ನು ನಾಲ್ಕು ದಿನ ತನ್ನಿ."

ಕಮಲಾಕರ ಮ್ಯಾನೇಜರನ್ನು ಕೇಳಿ ಥರ್ಮಾಮೀಟರನ್ನು ಕರವಸ್ತ್ರದಲ್ಲಿ ಸುತ್ತಿ ತಂದ. ಹರ್ಷಿಣಿ ಎಲೆಕ್ಟ್ರಿಕಲ್ ಓದುವವಳು. ಕಾಲೇಜಿನ ಲ್ಯಾಬಿನಿಂದ ಕರೆಂಟು ಅಳೆಯುವ ಮೀಟರನ್ನು ಸಹಿ ಹಾಕಿ ತಂದಳು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಯಲ್ಲಿ ವಿಮಲಾ ಗೆರೆ ಎಳೆದಳು. ಎಷ್ಟು ಗ್ರಾಂ, ಎಷ್ಟು ನಿಮಿಷ, ಹಿಟ್ಟಿನ ಬಿಸಿ, ಮೋಟರಿನ ಬಿಸಿ.

ಮೊದಲು ನೀರು. ಲೀಟರಿನ ಪಾತ್ರೆಯಿಂದ ಒಂದೊಂದಾಗಿ ಹೊಯ್ದಳು. ಕಲ್ಲುಗಳನ್ನು ತೆಗೆದಿಟ್ಟು ಅಂಚಿನವರೆಗೆ ತುಂಬಿದರೆ ಸರಿಯಾಗಿ ಐದು ಲೀಟರ್ ಹಿಡಿಯಿತು.

"ಪಾರು," ನೋಡು ಎಂದು ಹರ್ಷಿಣಿ ನಕ್ಕಳು. ಕಲ್ಲೇ ಇಲ್ಲದೆ ರುಬ್ಬಿದರೆ ಮಾತ್ರ ಐದು ಲೀಟರ್.

ಕಲ್ಲು ಇಟ್ಟರೆ ಮೂರೂವರೆ. ಅದೂ ಅಂಚಿಗೆ, ಗ್ರೈಂಡರ್ ತಿರುಗಿದರೆ ಅರ್ಧ ನೆಲಕ್ಕೆ. ಮುಂದಿನ ಹತ್ತು ದಿನ ಉಳಿದ ಮನೆಗಳಿಗೂ ಹಿಟ್ಟು ನಿಲ್ಲಿಸಿ, ವಿಮಲಾ ಅರ್ಧ ಕಿಲೋದಿಂದ ಶುರುಮಾಡಿ ಐವತ್ತೈವತ್ತು ಗ್ರಾಂ ಏರಿಸುತ್ತಾ ಹೋದಳು. ಗಡಿಯಾರದ ಕೆಳಗೆ ಸ್ಟೂಲು ಹಾಕಿ ಕೂತು, ಐದು ನಿಮಿಷಕ್ಕೊಮ್ಮೆ ಕಡ್ಡಿ ಅದ್ದಿ ಬರೆದಳು. ಐಸಿನ ನೀರು ಹಾಕಿ ನೋಡಿದಳು, ಹಾಕದೆ ನೋಡಿದಳು. ರುಬ್ಬಿದ್ದನ್ನು ಚೆಲ್ಲುವ ಹಾಗಿಲ್ಲ. ಬೆಳಿಗ್ಗೆ ಇಡ್ಲಿ, ಸಂಜೆ ದೋಸೆ, ಮರುದಿನ ಊತಪ್ಪ, ಅದರ ಮರುದಿನ ಹುಳಿ ಹಿಟ್ಟಿನ ಪಡ್ಡು.

"ಅಮ್ಮ, ಸಾದಂ ಇಲ್ಲೆಯಾ?" ಅನ್ನ ಇಲ್ಲವೇ ಎಂದು ಹರ್ಷಿಣಿ ಗೋಳಾಡಿದಳು.

"ನಿನ್ನ ಮೀಟರು ಹಿಂದೆ ಹೋಗಲಿ, ಆಮೇಲೆ ಅನ್ನ."

ರೂಪೇಶ ಮಾತ್ರ ಇದರ ಹತ್ತಿರ ಸುಳಿಯಲಿಲ್ಲ. ಆಫೀಸಿನಲ್ಲೇ ತಿಂದು ಬರುತ್ತಿದ್ದ. ಒಂದು ದಿನ ಬೂಟು ಬಿಚ್ಚುತ್ತಾ, "ಇದೆಲ್ಲ ನನ್ನ ಮೇಲಿನ ಹಟಕ್ಕೆ ತಾನೇ?" ಎಂದ.

"ನಿನ್ನ ಮೇಲೆ ಎಂಥ ಹಟ? ನನ್ನ ಹಿಟ್ಟಿಗೆ ನಾನು ಜವಾಬ್ದಾರಿ."

ಹತ್ತು ದಿನ ಕಳೆದಾಗ ಲೆಕ್ಕ ನಿಂತಿತು. ಎಂಟುನೂರೈವತ್ತು ಗ್ರಾಂ. ಇಪ್ಪತ್ತೈದು ನಿಮಿಷ. ಆಮೇಲೆ ಅರ್ಧ ಗಂಟೆ ಮೋಟರಿಗೆ ವಿಶ್ರಾಂತಿ. ತಣ್ಣೀರು ಹಾಕಿದರೆ ಹಿಟ್ಟು ಬೆಚ್ಚಗಾಗುವುದಿಲ್ಲ. ಅದರಾಚೆ ಐವತ್ತು ಗ್ರಾಂ ಏರಿಸಿದರೂ ಬಿಸಿ ನೆಗೆಯುತ್ತದೆ. ಆ ಲೆಕ್ಕದಲ್ಲಿ ಮೂರು ಸಲ ರುಬ್ಬಿದ ಹಿಟ್ಟು ಮರುದಿನ ಪಾತ್ರೆಯ ಮುಚ್ಚಳ ಎತ್ತುವಷ್ಟು ಉಬ್ಬಿತು. ವಿಮಲಾ ಮೊದಲ ಡಬ್ಬಿಯನ್ನು ತಾನೇ ಎದುರು ಬ್ಲಾಕಿಗೆ ಒಯ್ದು ಕೊಟ್ಟಳು. "ಚೆನ್ನಾಗಿಲ್ಲದಿದ್ದರೆ ಹೇಳು, ಇನ್ನು ನಾನೇ ಬರುವುದಿಲ್ಲ," ಎಂದಳು ಶ್ರೀಪ್ರಿಯಾಳಿಗೆ. ಮರುದಿನ ಡಬ್ಬಿ ಖಾಲಿಯಾಗಿ, ತೊಳೆದು ಬಂತು.

"ಗ್ರೈಂಡರು ಕೆಟ್ಟದ್ದಲ್ಲ," ಅವಳು ಗಂಡನಿಗೆ ಹೇಳಿದಳು. "ಪಾಪ, ಅದಕ್ಕೆ ಸುಳ್ಳು ಹೆಸರು ಹೇಳಿ ಕಳಿಸಿದ್ದಾರೆ."

ಅಲ್ಲಿಗೆ ಅವಳ ಕೆಲಸ ಮುಗಿಯಬಹುದಿತ್ತು. ಆದರೆ ಹರ್ಷಿಣಿ ಫೋನಿನಲ್ಲಿ ಆ ಗ್ರೈಂಡರಿನ ಪುಟ ತೆಗೆದು ತೋರಿಸಿದಳು. ಕೆಳಗೆ ಕೊಂಡವರ ಪ್ರಶ್ನೆಗಳು. ಮಧುರೆಯವಳು, ಸೇಲಂನವಳು, ಒಬ್ಬ ಮುದುಕ, ಎಲ್ಲರದೂ ಒಂದೇ ಗೋಳು, ಹಿಟ್ಟು ಬಿಸಿ, ಮೋಟರು ನಿಂತಿತು, ಎಷ್ಟು ಹಾಕಬೇಕು ಹೇಳಿ.

"ನಾನೂ ಕೇಳ್ತೇನೆ, ಬರಿ," ಎಂದಳು ವಿಮಲಾ. ಹರ್ಷಿಣಿ ಬರೆದಳು. ಒಂದು ಸಲಕ್ಕೆ ಎಷ್ಟು ಗ್ರಾಂ ಒಣ ಅಕ್ಕಿ? ಎಷ್ಟು ನಿಮಿಷ? ಎಷ್ಟು ವಿಶ್ರಾಂತಿ? ವಿಮಲಾ, ಕೀಲ್ಪಾಕ್.

ಎರಡು ಗಂಟೆಯಲ್ಲಿ ಉತ್ತರ ಬಂತು. 'ನಿಮ್ಮ ಆಸಕ್ತಿಗೆ ಧನ್ಯವಾದಗಳು. ದಯವಿಟ್ಟು ಕೈಪಿಡಿಯನ್ನು ನೋಡಿ.' ಈ ಉತ್ತರ ಹಾಕುವುದೂ ಅಣ್ಣನೇ ಎಂದಳು ಹರ್ಷಿಣಿ.

ಅವತ್ತು ರೂಪೇಶ ಬೇಗ ಬಂದಿದ್ದ. ವಿಮಲಾ ಅವನ ತಟ್ಟೆಗೆ ದೋಸೆ ಹಾಕಿ, ಚಟ್ನಿ ಬಡಿಸಿ, "ಇವತ್ತು ನನಗೆ ಧನ್ಯವಾದ ಹೇಳಿದ್ದೀಯಲ್ಲ, ಸಂತೋಷ ಆಯ್ತು," ಎಂದಳು.

"ಎಂಥ ಧನ್ಯವಾದ?"

ಹರ್ಷಿಣಿ ಫೋನು ಮುಂದೆ ಹಿಡಿದಳು. ರೂಪೇಶ ಓದಿದ. ಅವನ ಕಿವಿ ಕೆಂಪಾಯಿತು.

"ನೀನಾ ಇದು?"

"ಹೆಸರು ಉಂಟಲ್ಲ, ಊರೂ ಉಂಟು. ನೋಡಲಿಲ್ಲವಾ?"

"ದಿನಕ್ಕೆ ಇನ್ನೂರು ಬರ್ತದೆ ಅಮ್ಮ. ಓದುವುದಿಲ್ಲ. ಎಲ್ಲದಕ್ಕೂ ಇದೇ ಉತ್ತರ ಅಂಟಿಸ್ತೇನೆ."

"ಹಾಗಾದರೆ ಇನ್ನೂರು ಜನ ಅಡುಗೆಮನೆಯಲ್ಲಿ ನಿಂತುಕೊಂಡು ನಿನ್ನನ್ನು ಕೇಳ್ತಾ ಇದ್ದಾರೆ. ನೀನು ಧನ್ಯವಾದ ಹೇಳ್ತಾ ಇದ್ದೀಯ."

ಯಾರೂ ದನಿ ಏರಿಸಲಿಲ್ಲ. ರೂಪೇಶ ದೋಸೆ ತಿಂದ. ಎರಡನೆಯದಕ್ಕೂ ತಟ್ಟೆ ಹಿಡಿದ. ಆಮೇಲೆ ಎದ್ದು ಹೋಗಿ, ಅಡುಗೆಮನೆಯ ಬಾಗಿಲಿನ ಹಿಂದೆ ತೂಗುಹಾಕಿದ್ದ ಕ್ಯಾಲೆಂಡರ್ ಹಾಳೆಯ ಮುಂದೆ ನಿಂತ. ಅಮ್ಮನ ದುಂಡನೆಯ ಕನ್ನಡ ಅಕ್ಷರ, ಸಾಲು ಸಾಲು ಅಂಕಿ, ಅಲ್ಲಲ್ಲಿ ಹಿಟ್ಟಿನ ಬೆರಳಚ್ಚು.

"ಈ ಎಂಟುನೂರೈವತ್ತನ್ನು ಎಷ್ಟು ಸಲ ಮಾಡಿ ನೋಡಿದ್ದೀಯ?"

"ನಾಲ್ಕು. ಎರಡು ಸಲ ತಣ್ಣೀರು, ಎರಡು ಸಲ ನಳದ ನೀರು. ಬೇರೆ ಬೇರೆ ದಿನ."

"ವೋಲ್ಟೇಜ್?"

"ಅದು ಹರ್ಷಿಣಿ ಬರೆದದ್ದು. ಬದಿಯಲ್ಲಿ ಉಂಟು ನೋಡು."

ಅವನು ಹಾಳೆಯ ಫೋಟೋ ತೆಗೆದುಕೊಂಡ.

ಮುಂದಿನ ಒಂದು ವಾರ ಅವನು ಮನೆಯಲ್ಲಿ ಮಾತಾಡಿದ್ದು ಕಡಿಮೆ. ಆದರೆ ರಾತ್ರಿಯ ಊಟಕ್ಕೆ ಮನೆಗೇ ಬರುತ್ತಿದ್ದ. ವಿಮಲಾ ಕೆದಕಲಿಲ್ಲ. ಗುರುವಾರ ಮಧ್ಯಾಹ್ನ ಹರ್ಷಿಣಿ ಕಾಲೇಜಿನಿಂದ ಫೋನು ಮಾಡಿದಳು. ಖುಷಿಯಲ್ಲಿ ಅವಳ ಬಾಯಿಂದ ಕನ್ನಡವೇ ಬಂತು. "ಅಮ್ಮ, ಉತ್ತರ ಬಂದಿದೆ! ನಿನ್ನ ಪ್ರಶ್ನೆಗೆ!"

ಅವಳು ಓದಿ ಹೇಳಿದಳು. 'ವಿಮಲಾ ಅವರೇ, ಒಂದು ಸಲಕ್ಕೆ 900 ಗ್ರಾಂ ಒಣ ಅಕ್ಕಿ ಅಥವಾ 400 ಗ್ರಾಂ ಉದ್ದು. ಸತತವಾಗಿ 25 ನಿಮಿಷ, ನಂತರ 30 ನಿಮಿಷ ವಿಶ್ರಾಂತಿ. ಐದು ಲೀಟರ್ ಎಂಬುದು ಕಲ್ಲಿಲ್ಲದ ಖಾಲಿ ಪಾತ್ರೆಯ ಅಳತೆ. ಇದನ್ನು ನಾವು ಮೊದಲೇ ಹೇಳಬೇಕಿತ್ತು. ರೂಪೇಶ್.' ಅದೇ ಉತ್ತರವನ್ನು ಮಧುರೆಯವಳಿಗೆ, ಸೇಲಂನವಳಿಗೆ, ಮುದುಕನಿಗೆ, ಪುಟದಲ್ಲಿ ಕೇಳಿದ ಎಲ್ಲರಿಗೂ ಹಾಕಿದ್ದ. ಎಲ್ಲದರ ಕೆಳಗೂ ತನ್ನ ಹೆಸರು.

ಸಂಜೆ ರೂಪೇಶ ಬಂದಾಗ ಕಮಲಾಕರ ಬಾಗಿಲು ತೆರೆದ. ಮಗ ಚೀಲ ಕೆಳಗಿಟ್ಟು ಕೂತ, ನೀರು ಕುಡಿದ, ನಡೆದದ್ದನ್ನು ಹೇಳಿದ. ಅಮ್ಮನ ಹಾಳೆಯನ್ನು ಅವನು ಮ್ಯಾನೇಜರ್ ರವಿಕಿರಣನಿಗೆ ತೋರಿಸಿದ್ದ. ಎಲ್ಲಿಯದು ಈ ಲೆಕ್ಕ ಎಂದು ಕೇಳಿದರೆ, ನಮ್ಮ ಅಡುಗೆಮನೆಯದು ಎಂದಿದ್ದ. ಮೀಟಿಂಗಿನಲ್ಲಿ ಕೂತವರು ನಕ್ಕಿದ್ದರು.

"ನಕ್ಕರಾ?" ಕಮಲಾಕರನ ಮುಖ ಬಿಗಿಯಿತು.

"ನಕ್ಕರು ಅಪ್ಪ. ಅದಕ್ಕೇ ನಾನು ಫ್ಯಾಕ್ಟರಿಗೆ ಬರೆದೆ. ಅಲ್ಲಿ ಹರಿದಾಸ್ ಅಂತ ಒಬ್ಬರು ಇಂಜಿನಿಯರ್, ವಯಸ್ಸಾದವರು. ಅರ್ಧ ದಿನದಲ್ಲಿ ಪರೀಕ್ಷೆಯ ಕಾಗದ ಕಳಿಸಿದರು. ಮೂರು ವರ್ಷದಿಂದ ಅದು ಇತ್ತಂತೆ. ನಮ್ಮ ಆಫೀಸಿನವರು ಕೇಳಿದ್ದು ಇದೇ ಮೊದಲಂತೆ." ಅವನು ಅಮ್ಮನ ಕಡೆ ತಿರುಗಿದ. "ಲ್ಯಾಬಿನವರದು ಒಂಬೈನೂರು ಗ್ರಾಂ. ನಿನ್ನದು ಎಂಟುನೂರೈವತ್ತು. ಐವತ್ತು ಗ್ರಾಂ ವ್ಯತ್ಯಾಸ."

"ಅವರು ಎ.ಸಿ. ರೂಮಿನಲ್ಲಿ ರುಬ್ಬಿರಬೇಕು," ಎಂದಳು ವಿಮಲಾ. "ನನ್ನ ಅಡುಗೆಮನೆಯ ಸೆಕೆ ಅವರಿಗೆಲ್ಲಿ?"

ಕಮಲಾಕರ ಜೋರಾಗಿ ನಕ್ಕ. ರೂಪೇಶನೂ ನಕ್ಕ, ಆದರೆ ಬೇಗ ನಿಲ್ಲಿಸಿದ.

"ಪುಟದಲ್ಲಿ ಹಾಕುವುದು ಬೇಡ ಅಂದರು ರವಿಕಿರಣ್. ಒಂಬೈನೂರು ಗ್ರಾಂ ಅಂತ ಬರೆದರೆ ಯಾರು ಕೊಳ್ತಾರೆ, ಪಕ್ಕದವನು ಐದು ಲೀಟರ್ ಅಂತಲೇ ಬರೀತಾನೆ ಅಂದರು. ಆದರೆ ಕೇಳಿದವರಿಗೆ ಉತ್ತರ ಕೊಡುವುದು ನನ್ನ ಕೆಲಸ. ಕೊಟ್ಟೆ. ಅಳಿಸು ಅಂದರು. ನೀವೇ ಅಳಿಸಿ ಸರ್, ನನ್ನ ಕೈಯಿಂದ ಆಗುವುದಿಲ್ಲ ಅಂದೆ." ಅವನು ಲೋಟವನ್ನು ಮೇಜಿನ ಮೇಲೆ ತಿರುಗಿಸಿದ. "ಬರೆಯುವ ಕೆಲಸದಿಂದ ತೆಗೆದಿದ್ದಾರೆ. ಸೋಮವಾರದಿಂದ ಫೋನಿನ ಸೆಕ್ಷನ್ನು. ಗ್ರಾಹಕರ ದೂರು ಕೇಳುವುದು."

ಹರ್ಷಿಣಿ ಅಣ್ಣನ ಮುಖ ನೋಡಿದಳು. ಮುಂದಿನ ವರ್ಷ ಅವನು ಆ ಆಫೀಸಿನಲ್ಲಿ ಮೇಲಕ್ಕೆ ಹೋಗುವವನಿದ್ದ. ಮದುವೆಯ ಮಾತೂ ನಡೆದಿತ್ತು.

"ನನ್ನಿಂದ ಆಯ್ತಾ ಇದು?" ಎಂದಳು ವಿಮಲಾ.

"ಇಲ್ಲಮ್ಮ. ನೀನು ಬರೀ ಕೇಳಿದ್ದು. ಬರೆದದ್ದು ನಾನು. ಎರಡು ಸಲವೂ ನಾನೇ."

ಕಮಲಾಕರ ಮಕ್ಕಳನ್ನು ಎದುರಿಗೆ ಹೊಗಳಿದವನಲ್ಲ. ಎದ್ದು ಹೋಗಿ ಮಗನ ಚೀಲವನ್ನು ನೆಲದಿಂದ ಎತ್ತಿ ಮೊಳೆಗೆ ಸಿಕ್ಕಿಸಿದ. "ನಾನು ಲೋಟ ತೊಳೆದವನು," ಎಂದ. "ಕೆಳಗಿನ ಕೆಲಸದಿಂದ ಯಾರೂ ಸಾಯುವುದಿಲ್ಲ. ಕೈ ತೊಳ್ಕೊ, ಊಟ ಮಾಡುವ." ಮರುದಿನ ಹೋಟೆಲಿನ ಅಡುಗೆಮನೆಯಲ್ಲಿ ಸಾಂಬಾರಿನವನಿಂದ ಹಿಡಿದು ಕಾಫಿಯವನವರೆಗೆ ಎಲ್ಲರಿಗೂ ಆತ ಮಗ ಮಾಡಿದ್ದನ್ನು ಹೇಳಿದನೆಂದು, ಒಬ್ಬೊಬ್ಬರಿಗೆ ಎರಡೆರಡು ಸಲ ಹೇಳಿದನೆಂದು, ಆಮೇಲೆ ವಿಮಲಾಳ ಕಿವಿಗೆ ಬಿತ್ತು.

ರವಿಕಿರಣ್ ಉತ್ತರಗಳನ್ನು ಅಳಿಸಿದ. ಅಷ್ಟರಲ್ಲಿ ಓದಿದವರು ಓದಿಯಾಗಿತ್ತು. ಯಾರೋ ಫೋಟೋ ತೆಗೆದು ಮತ್ತೆ ಅಲ್ಲಿಯೇ ಹಾಕಿದರು. ಏಪ್ರಿಲಿನಲ್ಲಿ ಕಂಪನಿ ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿತು. ಪೆಟ್ಟಿಗೆಯ ಮೇಲೆ ಇನ್ನೂ ಇಲ್ಲ. ವಿಮಲಾಳಿಗೆ ಇಪ್ಪತ್ತನಾಲ್ಕು ಮನೆಗಳು ತಿರುಗಿ ಬಂದವು, ಎರಡು ಬರಲಿಲ್ಲ. ಅವರನ್ನು ಮೆಟ್ಟಿಲಲ್ಲಿ ಕಂಡರೆ ಅವಳೇ ಮೊದಲು ನಕ್ಕು ಮಾತಾಡಿಸುತ್ತಾಳೆ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ರೂಪೇಶ ಮನೆಯಿಂದಲೇ ಕೆಲಸಕ್ಕೆ ಕೂತಿದ್ದ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಕಿವಿಗೆ ಹೆಡ್‌ಫೋನು. ತಿರುನೆಲ್ವೇಲಿಯಿಂದ ಯಾರೋ ಅಜ್ಜಿ. ಅವಳ ಬೈಗುಳ ಹೆಡ್‌ಫೋನು ದಾಟಿ ಒಲೆಯ ಹತ್ತಿರದವರೆಗೂ ಕೇಳುತ್ತಿತ್ತು. ರೂಪೇಶ ಸಿಟ್ಟಾಗಲಿಲ್ಲ. ಕೈಪಿಡಿ ನೋಡಿ ಎನ್ನಲಿಲ್ಲ. ತಮಿಳಿನಲ್ಲಿ ನಿಧಾನವಾಗಿ, ಎಷ್ಟು ಅಕ್ಕಿ ಹಾಕಿದಿರಿ, ಯಾವ ಅಕ್ಕಿ, ಎಷ್ಟು ಹೊತ್ತು ನೆನೆಸಿದಿರಿ ಎಂದು ಒಂದೊಂದೇ ಕೇಳಿದ. ವಿಮಲಾ ಕಾವಲಿಯ ಮೇಲೆ ಹಿಟ್ಟು ಹರಡುತ್ತಾ ಒಂದು ಕಿವಿ ಅತ್ತ ಇಟ್ಟಿದ್ದಳು. ಎಲ್ಲವನ್ನೂ ಸರಿಯಾಗಿಯೇ ಹೇಳಿದ. ಒಂದು ಬಿಟ್ಟು.

"ಮೊದಲ ಐದು ನಿಮಿಷ ನೀರು ಸ್ವಲ್ಪ ಸ್ವಲ್ಪವೇ ಹಾಕಲಿಕ್ಕೆ ಹೇಳು!" ಅವಳು ಒಳಗಿನಿಂದ ಕೂಗಿದಳು. "ಒಟ್ಟಿಗೆ ಸುರಿದರೆ ಕಲ್ಲು ಜಾರ್ತದೆ!"

ರೂಪೇಶ ಮೈಕಿಗೆ ಕೈ ಅಡ್ಡ ಹಿಡಿದು ಈ ಕಡೆ ನೋಡಿದ. ಆಮೇಲೆ ಅಜ್ಜಿಗೆ, ಒಂದು ನಿಮಿಷ, ಅಮ್ಮ ಏನೋ ಹೇಳುತ್ತಿದ್ದಾರೆ ಎಂದ. ಯಾರಪ್ಪ ಅದು, ನಿಮ್ಮ ಆಫೀಸಿನ ಮೇಡಮ್ಮಾ ಎಂದು ಅಜ್ಜಿ ಕೇಳಿದಳು.

"ಇಲ್ಲೆ ಪಾಟಿ. ಎಂಗ ಅಮ್ಮಾ," ಅಲ್ಲ ಅಜ್ಜಿ, ನಮ್ಮಮ್ಮ ಎಂದು ಹೇಳಿ, "ಇದರ ಲೆಕ್ಕ ಕಂಡುಹಿಡಿದದ್ದೇ ಅವರು," ಎಂದ ರೂಪೇಶ, ಅರ್ಧ ತಮಿಳು ಅರ್ಧ ಕನ್ನಡ ಆದದ್ದು ಅವನಿಗೇ ಗೊತ್ತಾಗದೆ.

"ಹಾಗಾದರೆ ಅವಳಿಗೇ ಕೊಡು!" ಎಂದಿರಬೇಕು ಅಜ್ಜಿ. ರೂಪೇಶ ಹೆಡ್‌ಫೋನು ತೆಗೆದು ಅಮ್ಮನ ಕಡೆ ಚಾಚಿದ.

ವಿಮಲಾ ಒಲೆ ಸಣ್ಣ ಮಾಡಿದಳು. ಸೆರಗಿಗೆ ಕೈ ಒರೆಸಿಕೊಂಡು, ಮಗ ಬಿಟ್ಟುಕೊಟ್ಟ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಸೊಲ್ಲುಂಗಮ್ಮಾ," ಹೇಳಿ ಅಮ್ಮ ಎಂದಳು. "ನಾನು ಕೀಲ್ಪಾಕಿನಿಂದ ವಿಮಲಾ ಮಾತಾಡ್ತಾ ಇದ್ದೇನೆ."